ಇನೊಕುಮಾ ಉಜ್ಜಿ ಅಳಿಸಿದ ಎರಡು ಸಾಲು

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈಗಲೇ ಫೋನು ಕಿವಿಯಿಂದ ತೆಗೆದು ಪಕ್ಕಕ್ಕಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ಹೋದ ವಾರ ನಾನು ಮಾತಾಡಿ ಕಳಿಸಿದ್ದನ್ನು ಕೇಳಿ, 'ಅಜ್ಜನಿಗೆ ಎಂಬತ್ತನಾಲ್ಕಾಯಿತು, ಎಲ್ಲ ಕಲಸುಮೇಲೋಗರ' ಎಂದು ನಿಮ್ಮನಿಮ್ಮಲ್ಲೇ ಬರೆದುಕೊಂಡಿರಂತೆ. ಬೆಳಗ್ಗೆ ಏನು ತಿಂದೆ ಎಂದು ಕೇಳಿದರೆ ಹೇಳಲಾರೆ, ಒಪ್ಪಿದೆ. ಆದರೆ ಇನೊಕುಮಾನ ಬೆರಳಿಗೆ ಕಪ್ಪು ಹತ್ತಿದ ದಿನವನ್ನು ಹೇಳು ಎಂದರೆ ಹೇಳುತ್ತೇನೆ. ಒಸಾಕಾದ ಸುಮೋ ಕುಸ್ತಿಯ ಒಂಬತ್ತನೆಯ ದಿನ, ಸೋಮವಾರ, ಮಧ್ಯಾಹ್ನ ನಾಲ್ಕೂವರೆ. ಅವನು ಅದನ್ನು ನನಗೆ ಮೂರು ಸಲ ಹೇಳಿದ್ದಾನೆ, ಅವನ ಹೆಂಡತಿ ಒಂದು ಸಲ. ನಾಲ್ಕೂ ತಾಳೆಯಾಗುತ್ತವೆ. ಇನ್ನೇನು ಬೇಕು ನಿಮಗೆ? ಬಾಯಿ ಮುಚ್ಚಿ ಕೇಳಿ.

ಇನೊಕುಮಾ ತತ್ಸುಜಿ ಅಚ್ಚಿನ ಹಲಗೆ ಕೆತ್ತುವವನು. ಕ್ಯೋಟೋದಲ್ಲಿ ಮಗ್ಗದ ಸದ್ದು ಇನ್ನೂ ಅಲ್ಲಿ ಇಲ್ಲಿ ಉಳಿದಿರುವ ಓಣಿಯೊಂದರಲ್ಲಿ ಅವನ ಮನೆ. ಮುಂದಿನ ಕೋಣೆಯೇ ಕಾರ್ಖಾನೆ. ಆಗ ಅವನಿಗೆ ಎಪ್ಪತ್ತೊಂದು. ಹದಿನಾರಕ್ಕೆ ಉಳಿ ಹಿಡಿದವನು, ಹೆಣ್ಣಿನ ಕೂದಲೆಳೆಯನ್ನು ಮರದ ಮೇಲೆ ಎಳೆಯೆಳೆಯಾಗಿ ನಿಲ್ಲಿಸುವ ಕೈ. ಕಣ್ಣಂತೂ ಕೇಳಲೇಬೇಡಿ, ಅದರ ಬಗ್ಗೆ ಅವನಿಗಿದ್ದ ಜಂಬ ಇಡೀ ಓಣಿಗೆ ಗೊತ್ತಿತ್ತು. ಅಂಗಡಿಗಳಲ್ಲಿ ಹಳೆಯ ಚಿತ್ರ ತೋರಿಸಿದರೆ ಕೈಯಲ್ಲೂ ಹಿಡಿಯುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ಇದು ಹಳೆಯದು, ಇದು ಆಮೇಲೆ ಕೆತ್ತಿಸಿದ್ದು, ಇದು ಯಂತ್ರದ್ದು ಎಂದು ಹೇಳಿ ಹೊರಟುಬಿಡುತ್ತಿದ್ದ. ತಪ್ಪಿದ್ದು ಯಾರೂ ಕಂಡಿರಲಿಲ್ಲ.

ಈ ಕೆಲಸದ ಒಂದು ರೀತಿ ಗೊತ್ತಿರಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ಕೆತ್ತುವವನು ತನಗೆ ಕೊಟ್ಟ ಕಾಗದವನ್ನು ನೋಡಿಕೊಂಡು ಕೆತ್ತುವುದಿಲ್ಲ. ಆ ಕಾಗದವನ್ನೇ ಚೆರ್ರಿ ಮರದ ಹಲಗೆಗೆ ಮುಖ ಕೆಳಗಾಗಿ ಗಂಜಿಯಲ್ಲಿ ಅಂಟಿಸುತ್ತಾನೆ. ಬೆರಳು ಒದ್ದೆ ಮಾಡಿಕೊಂಡು ಬೆನ್ನ ಕಡೆಯಿಂದ ಮೆತ್ತಗೆ ಉಜ್ಜುತ್ತಾನೆ. ಕಾಗದದ ನಾರು ಸಣ್ಣ ಸಣ್ಣ ಬಿಳಿ ಉಂಡೆಗಳಾಗಿ ಉದುರುತ್ತದೆ. ಉಜ್ಜಿ ಉಜ್ಜಿ ಕೊನೆಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪದರ ಉಳಿದು, ಅದರ ಮೂಲಕ ಗೆರೆ ಕಾಣಿಸುತ್ತದೆ. ಅದಕ್ಕೆ ಒಂದು ತೊಟ್ಟು ಎಣ್ಣೆ ಸವರಿ, ಆ ಗೆರೆಯ ಅಕ್ಕಪಕ್ಕ ಉಳಿ ಇಳಿಸುತ್ತಾನೆ. ಕೆತ್ತಿ ಮುಗಿಯುವ ಹೊತ್ತಿಗೆ ಕಾಗದ ಇರುವುದಿಲ್ಲ. ಚಿತ್ರಗಾರ ಎಷ್ಟೇ ದೊಡ್ಡವನಿರಲಿ, ಅವನು ಬರೆದದ್ದು ಮರದ ಹೊಟ್ಟಿನ ಜೊತೆ ಕಸಕ್ಕೆ. ಇದಕ್ಕೆ ನಮ್ಮಲ್ಲಿ ಯಾರೂ ಅತ್ತದ್ದಿಲ್ಲ. ಕೊಟ್ಟ ಕಾಗದ ಹಲಗೆಯ ಊಟ, ಅಷ್ಟೆ.

ಊರಿನ ಪಶ್ಚಿಮದ ಬೆಟ್ಟದ ಬುಡದಲ್ಲಿ ಸನ್ಯಾಸಿನಿಯರ ಒಂದು ಚಿಕ್ಕ ಮಠವಿದೆ. ಅಲ್ಲಿನ ಹಿರಿಯಳು ಚಿಶೋ ಎಂಬಾಕೆ. ಎಲ್ಲರೂ ಕರೆಯುವುದು ಅಂಜುಸಾನ್ ಎಂದೇ, ಮಠದೊಡತಿಗೆ ನಮ್ಮ ಕಡೆ ಹಾಗೆಯೇ ಹೇಳುವುದು. ಆ ಮಠಕ್ಕಿದ್ದ ಆಸ್ತಿಯೆಂದರೆ ಒಂದು ಹಾಳೆ. ಏಳುನೂರೈವತ್ತು ವರ್ಷಕ್ಕೂ ಹಿಂದೆ ಮಠ ಕಟ್ಟಿದ ಮ್ಯೋಎನ್ ಎಂಬಾಕೆ ತನ್ನ ಕೈಯಿಂದಲೇ ಬರೆದ ಸಂಕಲ್ಪ ಅದು. ಉಳಿದದ್ದೆಲ್ಲ ಯಾವುದೋ ಕಾಲದ ಬೆಂಕಿಯಲ್ಲಿ ಹೋಗಿ ಇದೊಂದು ಉಳಿದಿತ್ತು. ಮನೆಯಿಂದ ಹೊರಬಿದ್ದ ಹೆಣ್ಣು ಯಾರೇ ಆಗಲಿ, ಎಲ್ಲಿಂದ ಬಂದಳೆಂದು ಕೇಳದೆ ಈ ಬಾಗಿಲು ತೆರೆಯಬೇಕು ಎಂದು ಅದರಲ್ಲಿ ಬರೆದಿದೆ. ಕೊನೆಯ ಸಾಲು ಹೀಗೆ: 'ತೊರಾಮೆ ಎಂಬ ಹೆಸರನ್ನು ಇವತ್ತು ಇಲ್ಲಿ ಇಳಿಸಿದೆ.' ಮಠದಲ್ಲಿ ದಿನಾ ಬೆಳಗ್ಗೆ ಅದನ್ನು ಹೇಳುತ್ತಾರೆ. ತೊರಾಮೆ ಎಂದರೆ ಮ್ಯೋಎನ್‌ಳ ಮೊದಲಿನ ಹೆಸರು, ಆಕೆ ಮಂತ್ರಿಯ ಮನೆಯ ಮುದ್ದಿನ ಮಗಳು, ರೇಷ್ಮೆ ಕಳಚಿಟ್ಟು ತಲೆ ಬೋಳಿಸಿಕೊಂಡು ಬಂದಳು ಎಂಬುದು ಮಠದ ಕಥೆ. ಊರ ದೊಡ್ಡ ಮನೆತನಗಳು ಆ ಕಥೆಗೇ ಅಲ್ಲಿ ಕೈಮುಗಿಯುತ್ತಿದ್ದದ್ದು.

ಆ ಸೋಮವಾರದ ಹಿಂದಿನ ವರ್ಷ ಒಂದು ಗ್ರಂಥಾಲಯದವರು ಹಳೆಯ ಕೈಬರಹಗಳನ್ನೆಲ್ಲ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುತ್ತಾ ಬಂದರು. ನಿಶಿವಾಕಿ ಎಂಬ ನಲವತ್ತರ ಹೆಣ್ಣುಮಗಳು ಆ ಕೆಲಸ ನೋಡಿಕೊಳ್ಳುತ್ತಿದ್ದಳು. ಒಂದೇ ಹಾಳೆಗೆ ಎರಡು ದಿನ ಹಿಡಿಯಿತು. ಪ್ರಪಂಚದ ಯಾವ ಮೂಲೆಯಲ್ಲಿ ಕುಳಿತವನೂ ಅದನ್ನು ತೆರೆದು ಒಂದೊಂದು ನಾರು ಎಣಿಸಬಹುದು, ಅಷ್ಟು ಸ್ಪಷ್ಟ. ಅದೇ ಫೋಟೋವನ್ನು ಕೈಕಾಗದದ ಮೇಲೆ ಮುದ್ರಿಸಿ, ಹುಳ ತಿಂದ ತೂತುಗಳನ್ನೂ ಹಾಗೇ ಕೊರೆದು, ಬೆನ್ನಿಗೆ ಆಸರೆಯಾಗಿ ಇನ್ನೊಂದು ಕಾಗದದ ಅಸ್ತರು ಕೊಟ್ಟು, ಮಠಕ್ಕೆ ಒಂದು ನಕಲು ಮಾಡಿಕೊಟ್ಟರು. ಮ್ಯೋಎನ್ ತೀರಿಕೊಂಡು ಏಳುನೂರೈವತ್ತು ತುಂಬುವ ವರ್ಷ ಬರುತ್ತಿತ್ತು. ಆ ಹಾಳೆಯನ್ನು ಮರದಚ್ಚಿನಲ್ಲಿ ಮುನ್ನೂರು ಪ್ರತಿ ಮಾಡಿಸಿ ಭಕ್ತರಿಗೆ ಹಂಚಬೇಕೆಂದು ಅಂಜುಸಾನ್‌ಗೆ ಆಸೆ. ಕೆತ್ತಲು ಬೇಕಾದ ಕಾಗದ ಹೇಗೂ ಸಿಕ್ಕಿತಲ್ಲ, ನಕಲು. ಹಲಗೆ ಅದನ್ನು ತಿಂದರೆ ಯಾರಿಗೇನು?

ಫೆಬ್ರವರಿಯ ಕೊನೆಗೆ ಇನೊಕುಮಾ ಅದನ್ನು ತರಲು ಹೋದ. ಅಂಜುಸಾನ್ ಯಾರೋ ಭಕ್ತರಿಗೆ ತೋರಿಸಲೆಂದು ಎರಡನ್ನೂ ಪೆಟ್ಟಿಗೆಯಿಂದ ತೆಗೆದು ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟಿದ್ದಳು. ಒಂದು ಕಂದು ಬಣ್ಣಕ್ಕೆ ತಿರುಗಿ, ಕಲೆ ಬಿದ್ದು, ನೋಡಿದರೇ ಕೈಮುಗಿಯಬೇಕು ಅನ್ನಿಸುವಂಥದ್ದು. ಇನ್ನೊಂದು ಮಾಸಲು ಬಿಳಿ, ಚಪ್ಪಟೆ, ಇಸ್ತ್ರಿ ಮಾಡಿದ ಪಂಚೆಯ ಹಾಗೆ. ಯಾವುದು ಅಸಲಿ, ಯಾವುದು ನಕಲು ಹೇಳು ನೋಡೋಣ ಎಂದು ಆಕೆ ನಗುತ್ತಾ ಕೇಳಿದಳು. ಇನೊಕುಮಾನ ಕನ್ನಡಕ ಚೀಲದಲ್ಲಿತ್ತು. ಮಂಡಿಯನ್ನೂ ಪೂರ್ತಿ ಊರಲಿಲ್ಲ. ಬಿಳಿಯದಕ್ಕೆ ಗಲ್ಲ ತೋರಿಸಿ, ಇದು ಯಂತ್ರದ್ದು, ಜೀವ ಇಲ್ಲ ಎಂದ. ಅಸಲಿ ವರ್ಷಕ್ಕೊಮ್ಮೆ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತಿತ್ತು, ಆಕೆಯ ಕಣ್ಣೂ ಮಂಜಾಗಿತ್ತು. ತನಗೂ ಹಾಗೇ ಅನ್ನಿಸಿತ್ತು ಎಂದು ಅಂಜುಸಾನ್ ಅದನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಕಂದು ಹಾಳೆ ಉಗ್ರಾಣದ ಪೆಟ್ಟಿಗೆಗೆ ಹೋಯಿತು. ಮಾರ್ಚ್ ಹದಿನೈದರ ಬುದ್ಧನಿರ್ವಾಣದ ಪೂಜೆಗೆ ಅದನ್ನೇ ಹೊರಗಿಟ್ಟರು. ಅರವತ್ತು ಜನ ಅದಕ್ಕೆ ಹಣೆ ನೆಲಕ್ಕೆ ಹಚ್ಚಿ ನಮಸ್ಕರಿಸಿದರು.

ಈಗ ಆ ಸೋಮವಾರಕ್ಕೆ ಬನ್ನಿ.

ಅವನು ಊಟವಾದ ಮೇಲೆ ಹಾಳೆಯನ್ನು ಹಲಗೆಗೆ ಅಂಟಿಸಿದ್ದ. ಬೆನ್ನಿಗೆ ಅಸ್ತರು ಕಂಡಾಗ, ನಕಲಿಗೂ ಅಸ್ತರು ಕೊಟ್ಟಿದ್ದಾರೆ ಎಂದು ಗ್ರಂಥಾಲಯದವರನ್ನು ಮೆಚ್ಚಿಯೂ ಇದ್ದ. ನಾಲ್ಕು ದಾಟಿದ ಮೇಲೆ ಬೆರಳು ಒದ್ದೆ ಮಾಡಿಕೊಂಡು ಎಡಗಡೆಯ ಅಂಚಿನಿಂದ ಶುರುಮಾಡಿದ. ರೇಡಿಯೋದಲ್ಲಿ ಕುಸ್ತಿ. ಅವನ ಮೆಚ್ಚಿನ ಪೈಲ್ವಾನ ಕುಸ್ತಿಗೆ ಮುಂಚೆ ಶಾಸ್ತ್ರಕ್ಕೆಂದು ಅಖಾಡಕ್ಕೆ ಉಪ್ಪು ಎರಚುತ್ತಿದ್ದ ಹೊತ್ತು. ಐವತ್ತೈದು ವರ್ಷ ಉಜ್ಜಿದ ಬೆರಳಿಗೆ ಕಣ್ಣಿನ ಹಂಗಿಲ್ಲ. ಕಿವಿ ಕುಸ್ತಿಯಲ್ಲಿ, ಬೆರಳು ಕಾಗದದಲ್ಲಿ. ಅಸ್ತರು ಉಂಡೆ ಉಂಡೆಯಾಗಿ ಎದ್ದು ಹೋಯಿತು, ಅದರ ಕೆಳಗಿನ ಪದರವೂ ಏಳತೊಡಗಿತು. ಪೈಲ್ವಾನ ಗೆದ್ದ. ಇನೊಕುಮಾ ತೊಡೆ ತಟ್ಟಿಕೊಳ್ಳಲು ಕೈ ಎತ್ತಿದಾಗ ಬೆರಳು ನೋಡಿದ.

ಉಂಡೆಗಳು ಕಪ್ಪಗಿದ್ದವು.

ಮೊದಲು ಬಂದದ್ದು ನಾಚಿಕೆ. ಹೊಸಬರು ಮಾಡುವ ತಪ್ಪು ಅದು. ಅತಿಯಾಗಿ ಉಜ್ಜಿ, ಮುಖದ ಶಾಯಿಯವರೆಗೂ ಇಳಿದುಬಿಡುವುದು. ಈ ವಯಸ್ಸಿನಲ್ಲಿ ತನಗೆ ಹೀಗಾಯಿತೇ ಎಂದು ಕಿವಿ ಬಿಸಿಯಾಯಿತು. ಬಗ್ಗಿ ನೋಡಿದರೆ ಕಾಗದ ಇನ್ನೂ ದಪ್ಪಗಿದೆ. ಮುಖದವರೆಗೆ ಇಳಿದೇ ಇಲ್ಲ. ಹಾಗಾದರೆ ಈ ಕಪ್ಪು ಎಲ್ಲಿಂದ ಬಂತು? ಭೂತಗನ್ನಡಿ ತೆಗೆದುಕೊಂಡ. ಉಜ್ಜಿದ ಜಾಗದ ಪಕ್ಕ, ಅಸ್ತರು ಎದ್ದ ಕಡೆ, ಅಕ್ಷರಗಳು. ಮುಖ ಕೆಳಗಿರುವ ಕಾಗದದಲ್ಲಿ ಕಾಣುವ ಅಕ್ಷರ ತಿರುಗುಮುರುಗಾಗಿರಬೇಕು, ಕನ್ನಡಿಯಲ್ಲಿ ಕಂಡ ಹಾಗೆ. ಇವು ನೆಟ್ಟಗಿದ್ದವು. ಅವನತ್ತ ಮುಖ ಮಾಡಿ ಕೂತಿದ್ದವು. ಮ್ಯೋಎನ್‌ಳ ಬರಹವೂ ಅಲ್ಲ, ಒರಟು ಕೈ, ಬೇರೆ ಯಾರದೋ.

ಯಂತ್ರದ ನಕಲಿಗೆ ಬೆನ್ನಿನಲ್ಲಿ ಬರಹ ಇರುವುದಿಲ್ಲ.

ಇನ್ನು ಮುಂದಿನದು ಅವನ ಹೆಂಡತಿ ಕಿನುಎ ಹೇಳಿದ್ದು. ಒಳಗೆ ಗೆಡ್ಡೆ ಹೆಚ್ಚಿ ಉಪ್ಪಿಗೆ ಹಾಕುತ್ತಿದ್ದಳಂತೆ. ರೇಡಿಯೋ ಆರಿಸು ಎಂದ ದನಿ ಕೇಳಿಸಿತು. ಕೊನೆಯ ಕುಸ್ತಿ ಮುಗಿಯದೆ ರೇಡಿಯೋ ಆರಿಸಿದ್ದನ್ನು ನಲವತ್ತಾರು ವರ್ಷದ ಸಂಸಾರದಲ್ಲಿ ಆಕೆ ಕಂಡಿರಲಿಲ್ಲ. ಓಡಿ ಬಂದಳು. ಗಂಡ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಅದು ಬೇರೆ ಯಾರದೋ ಕೈ ಎಂಬ ಹಾಗೆ ನೋಡುತ್ತಾ ಕುಳಿತಿದ್ದ. ಏನಾಯಿತೆಂದು ಕೇಳಿದ್ದಕ್ಕೆ, "ಅಸಲೀದನ್ನ ಅಂಟಿಸಿಬಿಟ್ಟೆ ಕಣೇ" ಎಂದ.

ಆಕೆ ಅಲ್ಲೇ ಮರದ ಹೊಟ್ಟಿನ ಮೇಲೆ ಕುಳಿತಳು.

ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ಅವನಿಗೆ ಇನ್ನೊಂದು ಯೋಚನೆ ಬಂತು. ಅವನೇ ನನಗೆ ಹೇಳಿದ್ದು. ಮುಂದುವರಿಸಿದರೆ ಏನಾಗುತ್ತದೆ? ಕೆತ್ತಲು ಬೇಕಾದ ಮುಖದ ಗೆರೆಗಳಿಗೆ ಏನೂ ಆಗಿಲ್ಲ. ಮೂರು ದಿನ ಉಳಿ ಆಡಿಸಿದರೆ ಕಾಗದವೂ ಇಲ್ಲ, ಬೆನ್ನೂ ಇಲ್ಲ, ತಪ್ಪೂ ಇಲ್ಲ. ಉಗ್ರಾಣದಲ್ಲಿ ಇರುವುದಕ್ಕೆ ಜನ ಆಗಲೇ ಅಡ್ಡಬಿದ್ದಾಗಿದೆ. ಓದಬೇಕೆನ್ನುವವನು ಕಂಪ್ಯೂಟರಿನಲ್ಲಿ ಓದುತ್ತಾನೆ. ಪೆಟ್ಟಿಗೆ ತೆರೆಯುವವರು ಯಾರು? ಉಳಿ ಅವನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಕಿನುಎ ಒಮ್ಮೆ ಅದನ್ನು ನೋಡಿದಳು, ಒಮ್ಮೆ ಅವನನ್ನು ನೋಡಿದಳು. ಅವನು ಒದ್ದೆ ಬಟ್ಟೆ ತಂದು ಹಲಗೆಗೆ ಮುಚ್ಚಿ, ಫೋನು ಕೈಗೆತ್ತಿಕೊಂಡ.

"ನಿಶಿವಾಕಿಸಾನ್, ನೀವು ಮಾಡಿಸಿದ ನಕಲಿನ ಬೆನ್ನಿಗೆ ಏನಾದ್ರೂ ಬರೆಸಿದ್ರಾ?"

"ಇಲ್ವಲ್ಲ. ಮೂಲೇಲಿ ಒಂದು ಸಣ್ಣ ಮುದ್ರೆ ಹೊಡೆದಿದೀವಿ, ನಕಲು ಅಂತ. ಬೇರೇನೂ ಇಲ್ಲ."

"ಇಲ್ಲಿ ಮುದ್ರೆ ಇಲ್ಲಮ್ಮಾ. ಅಕ್ಷರ ಇದೆ."

 ಆಕೆ ಬಹಳ ಮೆಲ್ಲಗೆ, ಎಷ್ಟು ಉಜ್ಜಿದ್ದೀರಿ ಎಂದು ಕೇಳಿದಳು. ಎರಡು ಸಾಲು ಎಂದ. ಕಾಗದ ಒಣಗಲು ಬಿಡಬೇಡಿ, ಬರುತ್ತಿದ್ದೇನೆ ಎಂದಳು. ಅವನಿಗೂ ಗೊತ್ತಿತ್ತು. ಒದ್ದೆ ಇರುವಷ್ಟು ಹೊತ್ತು ಗಂಜಿ ಬಿಡುತ್ತದೆ. ಒಣಗಿದರೆ ಕಾಗದ ಮರವನ್ನು ಕಚ್ಚಿಕೊಳ್ಳುತ್ತದೆ. ನೀರು ಹೆಚ್ಚಾದರೆ ಆ ಹಳೆಯ ನಾರು ಪಾಯಸವಾಗುತ್ತದೆ.

ನಿಶಿವಾಕಿ ದಾರಿಯಲ್ಲಿ ಮಠಕ್ಕೆ ಹೋಗಿ ಅಂಜುಸಾನ್‌ಳನ್ನು ಕರೆದುಕೊಂಡೇ ಬಂದಳು. ಉಗ್ರಾಣದ ಪೆಟ್ಟಿಗೆ ತೆಗೆಸಿ, ಕಂದು ಹಾಳೆಯ ಬೆನ್ನು ತಿರುಗಿಸಿ ನೋಡಿದ್ದರು. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಮುದ್ರೆ ಇತ್ತು. ಎಂಬತ್ತು ವರ್ಷದ ಹಿಂದೆ ಯಾರೋ ರಿಪೇರಿಯವನು ಅಸಲಿಯನ್ನು ತೊಳೆದು ಬಿಳಿಯಾಗಿಸಿ ಚಪ್ಪಟೆ ಮಾಡಿದ್ದ. ಗ್ರಂಥಾಲಯದವರು ಅಕ್ಷರ ಚೆನ್ನಾಗಿ ಕಾಣಲೆಂದು ಫೋಟೋವನ್ನು ಗಾಢ ಮಾಡಿ ಮುದ್ರಿಸಿದ್ದರು. ಹೀಗಾಗಿ ಹಳೆಯದು ಹೊಸದಾಗಿ, ಹೊಸದು ಹಳೆಯದಾಗಿ ಕಂಡಿತ್ತು. ಅಂಜುಸಾನ್ ಆ ನಕಲನ್ನು ಎದೆಗೆ ಅವುಚಿಕೊಂಡೇ ಒಳಗೆ ಬಂದಳು. ಅದನ್ನು ಎಲ್ಲಿಡಬೇಕೆಂದು ಆಕೆಗೆ ತೋಚಲಿಲ್ಲ. ಕಿನುಎ ತೆಗೆದುಕೊಂಡು ಅಕ್ಕಿ ಡಬ್ಬದ ಮೇಲಿಟ್ಟಳು.

ಇನೊಕುಮಾ ನೆಲಕ್ಕೆ ಹಣೆ ಹಚ್ಚಿದ. ಯಾರೂ ಅವನನ್ನು ಏಳು ಎನ್ನಲಿಲ್ಲ. ನಿಶಿವಾಕಿ ಬಟ್ಟೆ ಸರಿಸಿ ದೀಪ ಹತ್ತಿರ ಎಳೆದುಕೊಂಡಿದ್ದಳು. ಉಳಿದ ಅಸ್ತರನ್ನು ಅವನ ಕೈಯಿಂದಲೇ ಎತ್ತಿಸಿದಳು. ಈ ಸಲ ಬಿದಿರಿನ ಕಡ್ಡಿಯಿಂದ, ಒಂದು ಸಲಕ್ಕೆ ಅಕ್ಕಿಕಾಳಿನಷ್ಟು ದೂರ ಮಾತ್ರ. ಇಡೀ ಬೆನ್ನು ಕಂಡಿತು. ಆ ಕಾಲದಲ್ಲಿ ಕಾಗದ ದುಬಾರಿ, ಬಂದ ಪತ್ರದ ಹಿಂದೆ ಬರೆಯುವುದು ಎಲ್ಲ ಕಡೆ ಇತ್ತು, ಈ ಹಾಳೆಗೆ ಎಂದೋ ಅಸ್ತರು ಹಾಕಿದ್ದರಿಂದ ಯಾರಿಗೂ ತಿಳಿದಿರಲಿಲ್ಲ ಎಂದು ಹೇಳುತ್ತಲೇ ಆಕೆ ಓದತೊಡಗಿದಳು. ಓದುತ್ತಾ ಓದುತ್ತಾ ಹೇಳುವುದನ್ನು ನಿಲ್ಲಿಸಿದಳು.

ಜೋರಾಗಿ ಓದು ಎಂದಳು ಅಂಜುಸಾನ್. ನಾಳೆ ಓದೋಣ ಎಂದಳು ನಿಶಿವಾಕಿ. ಈಗಲೇ ಓದು ಎಂದಳು ಆಕೆ.

ಅದು ಮಾರಾಟದ ಪತ್ರ. ಬರಗಾಲ ಬಂದು ಮನೆಯಲ್ಲಿ ತಿನ್ನಲು ಏನೂ ಉಳಿದಿಲ್ಲ. ಆದ್ದರಿಂದ ಹನ್ನೊಂದು ವರ್ಷದ ಮಗಳನ್ನು ಈ ಮನೆಗೆ ಕಾಯಂ ಆಗಿ ಕೊಟ್ಟಿದೆ. ಇನ್ನು ಮುಂದೆ ನಮ್ಮ ಕಡೆಯ ಯಾರೂ ಅವಳ ಮೇಲೆ ಹಕ್ಕು ಹೇಳುವುದಿಲ್ಲ. ಓಡಿಹೋದರೆ ನಾವೇ ಹಿಡಿದು ತಂದು ಒಪ್ಪಿಸುತ್ತೇವೆ. ಇಷ್ಟು ಓದಿ ನಿಶಿವಾಕಿ ಹುಡುಗಿಯ ಹೆಸರಿನ ಮೇಲೆ ಬೆರಳಿಟ್ಟಳು. ಆ ಹೆಸರನ್ನು ಆಕೆ ಹೇಳಬೇಕಾಗಲಿಲ್ಲ. ಐವತ್ತು ವರ್ಷ ದಿನಾ ಬೆಳಗ್ಗೆ ಬಾಯಲ್ಲಿ ಬಂದ ಹೆಸರು, ಅದರ ಆಕಾರವೇ ಅಂಜುಸಾನ್‌ಳ ಮಂಜುಗಣ್ಣಿಗೆ ಸಾಕಾಯಿತು.

"ತೊರಾಮೆ" ಎಂದಳು.

 ಮಂತ್ರಿಯ ಮಗಳಲ್ಲ, ರೇಷ್ಮೆಯೂ ಇಲ್ಲ. ತನ್ನನ್ನು ಮಾರಿದ ಕಾಗದವನ್ನು ಹೇಗೋ ಕೈಗೆ ತಂದುಕೊಂಡು, ಅದನ್ನು ಸುಡದೆ, ಹರಿಯದೆ, ಅದರ ಬೆನ್ನ ಮೇಲೆಯೇ ಬಾಗಿಲು ತೆರೆದಿರಲಿ ಎಂದು ಬರೆದಿದ್ದಾಳೆ ಹೆಂಗಸು.

ಆದರೆ ಮಾರಿದವರು ಯಾರು? ಅಂಥ ಪತ್ರಗಳಲ್ಲಿ ತಾರೀಖು, ಊರು, ಕೊಟ್ಟವರ ಹೆಸರು ಕೊನೆಯಲ್ಲಿ ಇರುತ್ತವೆ, ನಮ್ಮ ಸಾಲುಗಳು ಬಲದಿಂದ ಎಡಕ್ಕೆ ಸಾಗುವುದರಿಂದ ಕೊನೆಯೆಂದರೆ ಎಡಗಡೆ. ಇನೊಕುಮಾ ಉಜ್ಜಲು ಶುರುಮಾಡಿದ್ದು ಎಡಗಡೆಯಿಂದ. ಅಲ್ಲಿ ಉಳಿದಿದ್ದದ್ದು ಒಂದು ಅರ್ಧ ಸುತ್ತು ಮಾತ್ರ. ಬರೆಯಲು ಬಾರದವರು ರುಜುವಿನ ಬದಲು ಕುಂಚದಿಂದ ಒಂದು ಸುತ್ತು ಎಳೆಯುತ್ತಿದ್ದರು. ಆ ಸುತ್ತಿನ ಬಲ ಅರ್ಧ ಉಳಿದಿತ್ತು. ಎಳೆದದ್ದು ಅಪ್ಪನೋ, ಅಮ್ಮನೋ, ಯಾವ ಊರಿನವರೋ, ಅದು ಇನೊಕುಮಾನ ಉಗುರಿನ ಸಂದಿಯಲ್ಲಿತ್ತು. ನಿಶಿವಾಕಿಯ ಕಂಪ್ಯೂಟರಿನಲ್ಲಿ ಮುಖದ ಒಂದೊಂದು ನಾರೂ ಇದೆ. ಬೆನ್ನಿನದು ಒಂದು ಚುಕ್ಕೆಯೂ ಇಲ್ಲ. ಏಳುನೂರು ವರ್ಷ ಬದುಕಿದ್ದ ಹೆಸರು ಒಂದು ಕುಸ್ತಿ ಮುಗಿಯುವಷ್ಟರಲ್ಲಿ ಹೋಯಿತು.

ಅವನು ಬೆರಳು ತೊಳೆದುಕೊಂಡಿರಲಿಲ್ಲ. ತೊಳೆಯಬೇಕೋ ಬೇಡವೋ ಎಂದು ಕೂಡ ಅವನಿಗೆ ಗೊತ್ತಾಗಲಿಲ್ಲವಂತೆ.

ಮೊದಲು ಬಾಯಿಬಿಟ್ಟದ್ದು ಅಂಜುಸಾನ್. ಧ್ವನಿ ಗಟ್ಟಿಯಾಗಿತ್ತು. ಇದನ್ನು ಎತ್ತು, ಇಲ್ಲೇ ಹೊಸ ಅಸ್ತರು ಹಾಕು, ನಾನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ ಎಂದಳು. ಮಠ ನಿಂತಿರುವುದು ಹತ್ತು ಮನೆತನಗಳ ಮೇಲೆ, ಅವರು ಕೈಮುಗಿಯುವುದು ಮಂತ್ರಿಯ ಮಗಳಿಗೆ, ಮಾರಿದ ಹುಡುಗಿಗಲ್ಲ. ಅವರು ಬಿಟ್ಟುಹೋದರೆ ಚಾವಣಿ ಸೋರುವುದನ್ನು ಯಾರು ನೋಡುತ್ತಾರೆ? ನೀನು ಉಜ್ಜಿದ್ದು ಕೂಡ ಯಾರಿಗೂ ತಿಳಿಯುವುದಿಲ್ಲ, ನಕಲಿನ ಮುದ್ರೆಯನ್ನು ಯಾರ ಕಣ್ಣಿಗೂ ಬೀಳದ ಕಡೆ ಹೊಡೆದ ಈ ಹುಡುಗಿಗೂ ತೊಂದರೆಯಿಲ್ಲ ಎಂದಳು. ನಿಶಿವಾಕಿ ತಲೆ ತಗ್ಗಿಸಿದಳು. ಬೇಡ ಎನ್ನಲಿಲ್ಲ. ಎನ್ನಲು ಆಗಲಿಲ್ಲ, ಕೆಲಸ ಹೋಗುತ್ತಿತ್ತು ಅವಳದು. ಲೆಕ್ಕ ಹಾಕಿ ನೋಡಿ, ಮೂವರಿಗೂ ಬಾಯಿ ಮುಚ್ಚಿಕೊಂಡರೆ ಲಾಭ.

ಇನೊಕುಮಾ ಬಿದಿರು ಕಡ್ಡಿ ಕೆಳಗಿಟ್ಟ.

"ಫೋಟೋ ತೆಗೀದೆ ನಾನು ಎತ್ತಲ್ಲ, ಅಂಜುಸಾನ್."

"ಹಟ ಮಾಡ್ಬೇಡ. ಒಣಗ್ತಾ ಇದೆ ಅದು."

"ಒಣಗ್ತಾ ಇದೆ, ಹೌದು. ಅದಕ್ಕೇ ಬೇಗ ಹೇಳಿ."

"ನಿನ್ನ ಹೆಸರು ಮಣ್ಣಾಗತ್ತಲ್ಲೋ. ಐವತ್ತು ವರ್ಷದ ಹೆಸರು."

"ಆ ಮಗೂನ ಕೊಟ್ಟೋರ ಹೆಸರನ್ನ ನಾನು ತಿಂದಿದೀನಿ. ನಂದು ಹೋದ್ರೆ ಹೋಗ್ಲಿ ಬಿಡಿ."

ಆ ಹಲಗೆಯಿಂದ ಆ ಕಾಗದವನ್ನು ಹರಿಯದೆ ಎತ್ತುವ ಕೈ ಆ ಕೋಣೆಯಲ್ಲಿ ಅವನದೊಂದೇ. ಅದು ಅಂಜುಸಾನ್‌ಗೂ ಗೊತ್ತಿತ್ತು. ಮೊಂಡ, ಕತ್ತೆ, ನಿನ್ನ ಕಣ್ಣಿಗೆ ಮಣ್ಣು ಹಾಕ ಎಂದು ಸನ್ಯಾಸಿನಿ ಆಡಬಾರದ ನಾಲ್ಕು ಮಾತು ಆಡಿದಳಂತೆ. ಅವನು ಒದ್ದೆ ಬಟ್ಟೆಯ ಅಂಚನ್ನು ಹಿಂಡುತ್ತಾ ಕುಳಿತೇ ಇದ್ದ.

ಆ ಹೊತ್ತಿಗೆ ಕಿನುಎ ಚಹಾ ತಂದಳು. ಯಾರೂ ಕೇಳಿರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು ಅವಳಿಗೆ. ಬಟ್ಟಲನ್ನು ಅಂಜುಸಾನ್ ಮುಂದಿಟ್ಟು, ಅಲ್ಲೇ ಕುಳಿತಳು.

"ನಾನು ಹದಿನೈದಕ್ಕೆ ಈ ಓಣಿಗೆ ಬಂದದ್ದು, ಮಗ್ಗದ ಮನೆಗೆ. ಎಂಟು ವರ್ಷಕ್ಕೆ ಅಂತ ಕಾಗದ ಮಾಡಿ ಅಪ್ಪ ಹೆಬ್ಬೆಟ್ಟು ಒತ್ತಿದ. ದುಡ್ಡು ಅವನು ಮೊದಲೇ ಇಸ್ಕೊಂಡಿದ್ದ. ಆ ಕಾಗದ ಎಲ್ಲೋಯ್ತೋ ಗೊತ್ತಿಲ್ಲ. ಸಿಕ್ಕಿದ್ರೆ ಒಂದ್ಸಲ ನೋಡ್ತಿದ್ದೆ."

ಇನೊಕುಮಾ ಹೆಂಡತಿಯ ಕಡೆ ತಿರುಗಿದ. ಆಕೆ ಮಗ್ಗದ ಮನೆಯಲ್ಲಿ ಕೆಲಸಕ್ಕಿದ್ದಳೆಂದು ಗೊತ್ತು, ಅಲ್ಲಿಂದಲೇ ಮದುವೆಯಾಗಿ ಕರೆತಂದದ್ದು. ಕಾಗದದ ವಿಷಯ ನಲವತ್ತಾರು ವರ್ಷದಲ್ಲಿ ಒಂದು ಸಲವೂ ಆಡಿರಲಿಲ್ಲ. ಆ ದಿನ ಅವನಿಗೆ ಬಿದ್ದ ಪೆಟ್ಟುಗಳಲ್ಲಿ ಇದೇ ದೊಡ್ಡದು ಎಂದು ನನ್ನ ಹತ್ತಿರ ಹೇಳಿದ. ಮನೆಯಲ್ಲೇ ಇದ್ದದ್ದನ್ನು ಓದಿರಲಿಲ್ಲ ನಾನು ಎಂದ. ಆಕೆ ಮಾತ್ರ, ನೀರು ಕುದಿಯುತ್ತಿದೆ ಎಂದು ಎದ್ದು ಒಳಗೆ ಹೋಗಿಬಿಟ್ಟಳು.

ಅಂಜುಸಾನ್ ಚಹಾ ಮುಟ್ಟಲಿಲ್ಲ. ಹಲಗೆಯ ಹತ್ತಿರ ಜರುಗಿ ಬಗ್ಗಿದಳು. ಕಣ್ಣು ಮಂಜು, ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ. ಆ ಅರ್ಧ ಸುತ್ತನ್ನು ನೋಡಿದಳು. ಈ ಮಠಕ್ಕೆ ಬಂದ ಎಷ್ಟು ಹೆಣ್ಣುಮಕ್ಕಳಿಗೆ, ನೋಡಿ, ಎಂಥಾ ದೊಡ್ಡ ಮನೆಯ ಮಗಳು ಎಲ್ಲ ಬಿಟ್ಟು ಬಂದಳು, ನಿಮ್ಮದೇನು ಮಹಾ ಕಷ್ಟ ಎಂದು ಹೇಳಿದ್ದೇನೆ ಎಂದಳು. ಅದು ಅಲ್ಲಿದ್ದವರಿಗೆ ಹೇಳಿದ್ದೋ ತನಗೆ ಹೇಳಿಕೊಂಡದ್ದೋ ಯಾರಿಗೂ ಗೊತ್ತಾಗಲಿಲ್ಲ.  ನಿಶಿವಾಕಿ ಹಿಡಿದು ಎಬ್ಬಿಸಲು ಹೋದರೆ ಕೈ ತಳ್ಳಿದಳು.

"ತೆಗಿ ನಿನ್ನ ಫೋಟೋ" ಎಂದಳು. "ಬೆಳಕು ಸರಿಯಾಗಿ ಇಟ್ಕೊಂಡು ತೆಗಿ."

ನಿಶಿವಾಕಿಯ ಕೈಯಲ್ಲಿ ದೊಡ್ಡ ಯಂತ್ರವಿರಲಿಲ್ಲ, ಚೀಲದಲ್ಲಿದ್ದ ಚಿಕ್ಕ ಕ್ಯಾಮೆರಾದಲ್ಲೇ ಇಂಚು ಇಂಚು ತೆಗೆದಳು. ಇನೊಕುಮಾ ದೀಪ ಹಿಡಿದುಕೊಂಡಿದ್ದ. ಆಮೇಲೆ ಬಿಸಿನೀರಿನ ಬಟ್ಟೆ ಹಾಸಿ, ಗಂಜಿ ಸಡಿಲವಾಗುವುದನ್ನು ಕಾದು, ಮೂಲೆಯಿಂದ ಮೂಲೆಗೆ ಬಿದಿರು ತೂರಿಸಿ ಎತ್ತಿದ. ಒಂದು ಗಂಟೆ ನಲವತ್ತು ನಿಮಿಷ. ಒಂದು ಕಡೆಯೂ ಹರಿಯಲಿಲ್ಲ. ಮುಖದ ಬರಹ ಹಾಗೇ ಇತ್ತು. ಯಾರೂ ಅವನನ್ನು ಹೊಗಳಲಿಲ್ಲ, ಅವನೂ ಅದನ್ನು ಬಯಸಿರಲಿಲ್ಲ.

ಈಗ ಆ ಸಂಗ್ರಹವನ್ನು ತೆರೆದರೆ ಎರಡು ಚಿತ್ರ ಕಾಣುತ್ತವೆ, ಮುಖ ಮತ್ತು ಬೆನ್ನು. ಬೆನ್ನಿನ ಚಿತ್ರದ ಕೆಳಗೆ ನಿಶಿವಾಕಿ ಒಂದು ಟಿಪ್ಪಣಿ ಬರೆದಳು. ಕೊನೆಯ ಎರಡು ಸಾಲು ಕೆತ್ತನೆಯ ವೇಳೆ ನಷ್ಟವಾಗಿವೆ ಎಂದಿಷ್ಟೇ ಇತ್ತು. ಇನೊಕುಮಾ ಅದನ್ನು ಓದಿಸಿಕೊಂಡು ಗ್ರಂಥಾಲಯಕ್ಕೇ ಹೋದ. ನಷ್ಟವಾಗಿವೆ ಎಂದರೇನು, ತಾವಾಗಿಯೇ ಓಡಿಹೋದವೇ ಎಂದು ಜಗಳ ಮಾಡಿದ. ನಕಲು ಎಂದು ತಿಳಿದು ಕ್ಯೋಟೋದ ಇನೊಕುಮಾ ತತ್ಸುಜಿ ಉಜ್ಜಿ ಅಳಿಸಿದ್ದು ಎಂದು ಬರೆಸಿ, ತಾರೀಖು ಹಾಕಿಸಿಯೇ ಎದ್ದ. ಅವಳೂ ಮುದ್ರೆಯ ವಿಷಯದಲ್ಲಿ ತನ್ನ ತಪ್ಪನ್ನು ಅದರ ಕೆಳಗೆ ಸೇರಿಸಿದಳು. ಕೆಲಸ ಹೋಗಲಿಲ್ಲ, ಆದರೆ ಎರಡು ವರ್ಷ ನೆಲಮಾಳಿಗೆಯಲ್ಲಿ ಕೂರಿಸಿದರು.

ಹತ್ತು ಮನೆತನಗಳಲ್ಲಿ ಆರು ಬಿಟ್ಟುಹೋದವು. ಚಾವಣಿ ಈಗಲೂ ಸೋರುತ್ತದೆ, ಹೋಗಿ ನೋಡಿ ಬೇಕಾದರೆ. ಇನೊಕುಮಾನಿಗೆ ಅಂಗಡಿಗಳವರು ಕೆಲಸ ಕೊಡುವುದನ್ನು ನಿಲ್ಲಿಸಿದರು. ಅಸಲಿ ಯಾವುದು ನಕಲು ಯಾವುದು ಎಂದು ತಿಳಿಯದವನು ಎಂದು ಹಿಂದಿನಿಂದ ನಗುವವರಿದ್ದರು, ಮುಂದಿನಿಂದಲೇ ನಕ್ಕವರೂ ಇದ್ದರು. ಅಂಜುಸಾನ್ ಮಾತ್ರ ಎರಡು ಹಲಗೆ ಕೆತ್ತಿಸಿದಳು. ಒಂದು ಮುಖದ್ದು, ಒಂದು ಬೆನ್ನಿನದು, ಈ ಸಲ ಫೋಟೋದಿಂದ ತೆಳು ಕಾಗದದ ಮೇಲೆ ತೆಗೆದದ್ದು. ಬೆನ್ನಿನ ಹಲಗೆಯಲ್ಲಿ ಎರಡು ಸಾಲಿನ ಜಾಗ ಖಾಲಿ. ಅಚ್ಚು ಹಾಕುವವನು ಆ ಅರ್ಧ ಸುತ್ತನ್ನು ಪೂರ್ತಿ ಮಾಡಿಬಿಡಿ, ನೋಡುವವರಿಗೆ ಏನೋ ಕೊರತೆ ಅನ್ನಿಸುತ್ತದೆ ಎಂದು ಕೇಳಿದ. ಅದು ನನ್ನ ಕೈಯ ಕೊರತೆ, ಅದನ್ನು ತುಂಬಿಸಲು ನನಗೆ ಅಧಿಕಾರವಿಲ್ಲ ಎಂದು ಇನೊಕುಮಾ ಉಳಿಯಿಂದ ಆ ಜಾಗವನ್ನು ಇನ್ನಷ್ಟು ಆಳಕ್ಕೆ ತೆಗೆದ, ಶಾಯಿ ತಪ್ಪಿಯೂ ತಾಗದ ಹಾಗೆ. ಅದು ಅವನು ಕೆತ್ತಿದ ಕೊನೆಯ ಹಲಗೆ. ಹೋದ ವರ್ಷ ಮಳೆಗಾಲದಲ್ಲಿ ಹೋದ.

ಇಷ್ಟೇ. ಈಗ ಇದನ್ನು ನಿಮ್ಮ ಫೋನಿನಲ್ಲೇ ಇಟ್ಟುಕೊಂಡು ಕೂರಬೇಡಿ, ಇನ್ನೂ ನಾಲ್ಕು ಜನಕ್ಕೆ ಕಳಿಸಿ. ಬಾಯಲ್ಲಿ ಹೇಳುವುದಾದರೆ ಹೇಳಿ, ನಿಮ್ಮ ಮಾತಿನಲ್ಲೇ ಹೇಳಿ, ನನ್ನ ಹೆಸರು ಬೇಡವೇ ಬೇಡ. ಆದರೆ ಮರ್ಯಾದೆಗೆಂದು ಅವನ ಹೆಸರನ್ನು ಬಿಟ್ಟು 'ಯಾರೋ ಒಬ್ಬ ಕೆತ್ತುವವನು' ಎಂದು ಮಾತ್ರ ಹೇಳಬೇಡಿ. ಇನೊಕುಮಾ ತತ್ಸುಜಿ ಎಂದೇ ಹೇಳಿ. ಅವನು ಕೇಳಿಕೊಂಡದ್ದು ಅಷ್ಟೇ.